ಒಣ ಪೈಪಿನ ಸದ್ದು

ಬೋರಲಿಂಗಯ್ಯನವರ ಕೈಗಡಿಯಾರ, ಉಡುದಾರದ ತಾಯಿತ,
ಜೇಬಿನಲ್ಲಿದ್ದ ಎರಡು ಬೀಡಿ, ಒಂದು ಹಳೇ ವಾಷರ್,
ಎಲ್ಲ ಟ್ರೇಗೆ ಹಾಕಿಸಿಕೊಂಡು
ಅಯಸ್ಕಾಂತದ ಕೊಳವೆಯೊಳಗೆ ಮಲಗಿಸಿದೆ.
'ಬಲಗೈ ಬೆರಳು ಆಡಿಸಿ ಅಂದಾಗ ಆಡಿಸಿ,
ನಿಲ್ಲಿಸಿ ಅಂದಾಗ ನಿಲ್ಲಿಸಿ. ತಲೆ ಮಾತ್ರ ಅಲ್ಲಾಡಬಾರದು.'
ಹಾಸನದ ನಗರಸಭೆಯಲ್ಲಿ ಮೂವತ್ತೊಂದು ವರ್ಷ
ನೀರು ಬಿಟ್ಟ ಕೈ ಅದು.
ಬೆರಳು ಆಡಿಸಲಿಲ್ಲ. ಗಾಳಿಯಲ್ಲೇ ವಾಲ್ವ್ ತಿರುಗಿಸಿತು,
ಹನ್ನೊಂದೂವರೆ ಸುತ್ತು.

ಗಾಜಿನ ಈಚೆ ಕೂತು ನಾನು ನೋಡುವುದು
ಯೋಚನೆಯನ್ನಲ್ಲ, ರಕ್ತವನ್ನು.
ನರಕೋಶ ದುಡಿಯತೊಡಗಿದ ಒಂದೆರಡು ಸೆಕೆಂಡಿಗೆ
ಅದರ ಓಣಿಯ ಸಣ್ಣ ನಾಳ ಸಡಿಲಾಗಿ
ಹೊಸ ರಕ್ತ ನುಗ್ಗುತ್ತದೆ,
ಕೊಂಚ ತಡವಾಗಿ, ಬೇಕಾದದ್ದಕ್ಕಿಂತ ಹೆಚ್ಚಾಗಿ,
ಬೀಗರೂಟದಲ್ಲಿ ಬಡಿಸುವ ಕೈಯ ಹಾಗೆ.
ಆ ಹೆಚ್ಚುವರಿಯೇ ನನ್ನ ಪರದೆಯಲ್ಲಿ ಕೆಂಪಾಗಬೇಕು.

'ಅಲ್ಲ, ಒಳಗೆ ನೀರ್ ಬಿಡೋನು ಯಾರವ್ವ?'
ಮೊದಲ ಸುತ್ತು ಮುಗಿದು ಎದ್ದು ಕೂತಾಗ ಕೇಳಿದರು.
ಯಾರೂ ಇಲ್ಲ ಅಂದೆ. ತೊಟ್ಟಿಯಿಲ್ಲ, ಸಂಪಿಲ್ಲ,
ನಾಳೆಗೆ ಅಂತ ಒಂದು ಕೊಡ ತುಂಬಿಡುವುದಿಲ್ಲ ಮೆದುಳು.
ಬೇಕಾದವರೇ ಕೂಗಬೇಕು.
ಕೋಶ ತನ್ನ ಮಗ್ಗುಲಿನ ನಕ್ಷತ್ರದಂಥ ಕೋಶಕ್ಕೆ ಹೇಳುತ್ತದೆ,
ಅದು ತಾನು ಕಾಲೂರಿ ನಿಂತ ನಾಳಕ್ಕೆ;
ಲೋಮನಾಳದ ಗೋಡೆ ಹಿಡಿದು
ಸುದ್ದಿ ಹರಿವಿಗೆ ಎದುರಾಗಿ ಹತ್ತುತ್ತದೆ
ಮೇಲಿನ ದೊಡ್ಡ ನಾಳ ಕದ ತೆರೆಯುವ ತನಕ.

ನಕ್ಕರು. 'ತಣ್ಣೀರುಹಳ್ಳದ ಥರ ಅನ್ನಿ.
ಅಲ್ಲಿ ಹೆಂಗಸ್ರು ಒಣ ಪೈಪಿಗೆ ಸೌಟಲ್ಲಿ ಬಡಿಯೋರು,
ಟಂಗ್ ಟಂಗ್ ಅಂತ ಮ್ಯಾಲಿನ ಗುಂಡಿ ತಂಕ ಕೇಳೋದು.
ನೀರು ಇಳೀತದೆ, ಬಾಯಾರ್ಕೆ ಹತ್ತತದೆ ಕಣವ್ವ.'

ಎರಡನೇ ಸುತ್ತಿನ ಚಿತ್ರ ಬಂದಾಗ ನನಗೇ ಗಲಿಬಿಲಿ.
ಎಡಮೆದುಳಿನಲ್ಲಿ, ಕೈಗೆಂದೇ ಇರುವ ಮಡಿಕೆಯಲ್ಲಿ,
ಹುಣಸೆಬೀಜದಷ್ಟು ಗೆಡ್ಡೆಯ ಪಕ್ಕ
ಕೆಂಪಿಲ್ಲ. ಬರೀ ಬೂದು.
ಕೈ ಮಾತ್ರ ಗಾಜಿನಾಚೆ ತಿರುಗಿಸುತ್ತಲೇ ಇತ್ತು.
'ಇಲ್ಲಿ ಚಟುವಟಿಕೆ ಇಲ್ಲ' ಎಂದು ಆಗಲೇ ಟೈಪು ಮಾಡಿದ್ದೆ;
ಆ ಸಾಲು ನಂಬಿ ನಾಳೆ ಯಾರದೋ ಚಾಕು
ಅಲ್ಲಿ ಧಾರಾಳವಾಗಿ ಓಡಾಡಬಹುದಿತ್ತು.

ಅಂಗಿ ಗುಂಡಿ ಹಾಕಿಕೊಳ್ಳುತ್ತ ಪರದೆ ಕಡೆ ಬಗ್ಗಿದರು.
(ತೋರಿಸಬಾರದು ಅನ್ನುವುದು ನಿಯಮ. ತೋರಿಸಿದೆ.)
'ಇದ್ಯಾಕೆ ಇಲ್ಲಿ ಕತ್ಲು?'
ರಕ್ತ ಬಂದಿಲ್ಲ ಅಂದೆ.
'ಬಂದಿಲ್ಲ ಅಂದ್ರೆ ಮನೆ ಇಲ್ಲ ಅಂತಲ್ಲ.
ಹುಣಸಿನಕೆರೆ ಹಿಂದ್ಗಡೆ ಒಂದ್ ಲೈನಿತ್ತು,
ಏಳ್ ವರ್ಷ ನನ್ ಪುಸ್ತಕದಲ್ಲಿ ಖಾಲಿ.
ಪೈಪೊಳಗೆ ಅರಳೀಬೇರು ಕಟ್ಕಂಡಿತ್ತು.
ಬಡೀತಾನೇ ಇದ್ರು ಪಾಪ, ಸದ್ದು ಅರ್ಧಕ್ಕೇ ನಿಲ್ಲೋದು.
ನಲವತ್ ಮನೆ. ಮೂರು ಬಾಣಂತನ ಆಯ್ತು ಅಲ್ಲಿ.
ನಾನು ಖಾಲಿ ಅಂತ ಬರ್ಕಂಡು ಸೈನ್ ಹಾಕ್ತಿದ್ದೆ.'

ಗೆಡ್ಡೆಯ ನೆರೆಯ ನಾಳಗಳು ಕೂಗಿಗೆ ಕಿವುಡಾಗಬಲ್ಲವು,
ಓದಿದ್ದೆ, ಮೂರು ಅಂಕದ ಪ್ರಶ್ನೆ.
ಸಾಲನ್ನು ಅಳಿಸಿ ಬರೆದೆ:
ಕೈ ಆಡುತ್ತಿದೆ. ಚಿತ್ರವನ್ನು ನಂಬಬೇಡಿ.
ವರದಿಯ ಭಾಷೆ ಹೀಗಿರುವುದಿಲ್ಲ, ಡಾಕ್ಟರ್ ಬೈಯುತ್ತಾರೆ.

ಟ್ರೇಯಿಂದ ವಾಷರ್ ಎತ್ತಿ ಬೆಳಕಿಗೆ ಹಿಡಿದು ನೋಡಿ
ಬೀಡಿಗಿಂತ ಮೊದಲು ಅದನ್ನೇ ಜೇಬಿಗಿಟ್ಟುಕೊಂಡರು.

ರಾತ್ರಿ ಸಾಲಗಾಮೆ ರಸ್ತೆಯ ನನ್ನ ಬಾಡಿಗೆ ಮನೆಯಲ್ಲಿ
ಬಚ್ಚಲ ನಲ್ಲಿ ತಿರುಗಿಸಿದರೆ ಬರೀ ಗಾಳಿ, ಒಂದು ಗೊರಕೆ.
ಅಡುಗೆಮನೆಗೆ ಹೋಗಿ
ಸೌಟು ತಂದೆ.